ಬಟ್ಟೆಯಲ್ಲಿ ಸುತ್ತಿಟ್ಟ ಕತ್ತಿ

ಕಡೂರಿನ ಸಭೆಯವರಿದ್ದೀರಿ, ತರೀಕೆರೆಯಿಂದ ಬೆಳಗಿನ ಬಸ್ಸಿಗೆ ಬಂದವರಿದ್ದೀರಿ, ಅಜ್ಜಂಪುರದ ಮನೆಕೂಟದವರೂ ಇವತ್ತು ಬಂದಿದ್ದೀರಿ. ಎಲ್ಲರೂ ಕೂತ್ಕೊಳ್ಳಿ. ಹಿಂದೆ ಇರೋ ಯೌವನಸ್ಥರು ಸ್ವಲ್ಪ ಮುಂದೆ ಬನ್ನಿ, ಫ್ಯಾನ್ ಇಲ್ಲೂ ಇದೆ.

ಇವತ್ತು ನಾನು ಮಾತಾಡೋ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಹಳೇ ಕತ್ತಿಗಳ ವಿಷಯ. ಬೇಟೆಗತ್ತಿ, ಮಿಲಿಟರಿ ಕತ್ತಿ, ಮಡಚೋಕೆ ಬಾರದ, ಒರೆಯಲ್ಲಿ ಇಡೋ ಕತ್ತಿ. ಪಾಸ್ಟರಿಗೆ ಇದ್ಯಾಕೆ ಅಂತ ಕೇಳ್ತೀರಿ. ನಮ್ಮ ಅಜ್ಜಂಪುರದ ಒಬ್ಬ ಸಹೋದರರು ನನಗೆ ಒಂದು ಪ್ರಶ್ನೆ ಕೇಳಿದ್ರು. ಉತ್ತರ ಹೇಳೋಕೆ ಹೋಗಿ ನಾನೇ ಸಿಕ್ಕಿಬಿದ್ದೆ. ಅದನ್ನ ಸಭೆಯ ಮುಂದೆ ಹೇಳಲೇಬೇಕು. ತಾಯಿಯವರ ಅಪ್ಪಣೆ ಕೇಳಿಕೊಂಡೇ ಹೇಳ್ತಾ ಇದ್ದೀನಿ, ಅವರು ಅಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ಆ ಸಹೋದರರು ಮಿಲಿಟರಿಯಲ್ಲಿ ಸೇವೆ ಮುಗಿಸಿ ಬಂದವರು. ನಿವೃತ್ತಿ ಆದಮೇಲೆ ಊರಲ್ಲಿ ಸ್ವಲ್ಪ ಅಡಿಕೆ, ಸ್ವಲ್ಪ ತೆಂಗು. ಉಳಿದ ಹೊತ್ತಲ್ಲಿ ಹಳೇ ಕತ್ತಿ ಹುಡುಕೋದು. ಗುಜರಿ ಅಂಗಡಿ, ಬೆಂಗಳೂರಿನ ಸಂಡೇ ಬಜಾರ್, ಎಸ್ಟೇಟ್ ಬಂಗಲೆ ಖಾಲಿ ಮಾಡುವಾಗ ಹೊರಗೆ ಬೀಳೋ ಸಾಮಾನು, ಎಲ್ಲಿಂದೆಲ್ಲಿಂದಲೋ ತಂದಿದ್ದಾರೆ. 27 ಕತ್ತಿ ಇವೆ. ನಾನು ಮೊದಲು ನೋಡಿದಾಗ ಹೆದರಿದೆ. ಕಬ್ಬಿಣದ ಬೀರು ತೆಗೆದರೆ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ಸಾಲು ಸಾಲು. ಪಕ್ಕದಲ್ಲಿ ಶೂ ಡಬ್ಬಿಯಿಂದ ಉಳಿಸಿದ ಸಿಲಿಕಾ ಪೊಟ್ಟಣಗಳು. ಒರೆ ಬೇರೆ, ಕತ್ತಿ ಬೇರೆ. ಯಾಕೆ ಅಂದ್ರೆ ಚರ್ಮದ ಒರೆ ತೇವ ಹಿಡಿದುಕೊಳ್ಳುತ್ತೆ, ಚರ್ಮ ಹದ ಮಾಡಿದ ರಸಾಯನ ಉಕ್ಕನ್ನ ತಿನ್ನುತ್ತೆ. ಕತ್ತಿಯ ಮನೆ ಅಂತ ನಾವು ತಿಳಿದಿರೋದೇ ಅದಕ್ಕೆ ತುಕ್ಕು ಹಿಡಿಸೋ ಜಾಗ. ನನಗೆ ಇದು ಗೊತ್ತಿರಲಿಲ್ಲ.

ಅವರು ಒಂದೊಂದನ್ನೇ ತೆಗೆದು ತೋರಿಸಿದ್ರು. ಒಂದು ಖುಕ್ರಿ. ಒಂದು ಶೆಫೀಲ್ಡ್‌ನ ಬೇಟೆಗತ್ತಿ, ಜೋಸೆಫ್ ರಾಡ್ಜರ್ಸ್ ಕಂಪನಿಯದು. ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಒಂದು ಶಿಲುಬೆ. ಶಿಲುಬೆ ನೋಡಿ ನಾನು ಸಂತೋಷಪಟ್ಟೆ. ಅವರು ನಕ್ಕರು. "ಅದು ಮಾಲ್ಟಾ ಶಿಲುಬೆ ಪಾಸ್ಟರ್, ಕಂಪನಿ ಮುದ್ರೆ" ಅಂದ್ರು. ಆ ಊರಿನ ಕತ್ತಿಗಳ ಹಿಡಿಗೆ ಭಾರತದ ಕಾಡುಗಳ ಕಡವೆ ಕೊಂಬೇ ಹಡಗು ಹತ್ತಿ ಹೋಗ್ತಾ ಇತ್ತಂತೆ. ಇಲ್ಲಿಯ ಕೊಂಬು ಅಲ್ಲಿಗೆ ಹೋಗಿ, ಕತ್ತಿಯ ಹಿಡಿಯಾಗಿ, ದೊರೆಗಳ ಸೊಂಟದಲ್ಲಿ ಮತ್ತೆ ಇಲ್ಲಿಗೇ ಬೇಟೆಗೆ ಬಂತು.

ಇನ್ನೊಂದು ತೆಳ್ಳನೆಯದು, ಎರಡೂ ಕಡೆ ಹರಿತ, ತುದಿ ಸೂಜಿಯ ಹಾಗೆ. ಫೇರ್‌ಬರ್ನ್-ಸೈಕ್ಸ್ ಅಂತಾರೆ. ಶಾಂಘೈ ಪೊಲೀಸಿನಲ್ಲಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳು ರೂಪಿಸಿದ್ದು, ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ 1941ರಿಂದ ಕಮಾಂಡೋಗಳಿಗೆ ಮಾಡಿಕೊಟ್ಟಿದ್ದು. ತಮ್ಮ ಹತ್ತಿರ ಇರೋದು ಆಮೇಲಿನ ನಕಲು ಅಂತ ಅವರೇ ಹೇಳಿದ್ರು. ಆದ್ರೆ ಅದನ್ನ ಹಿಡಿದಾಗ ಅವರ ಧ್ವನಿ ಬದಲಾಯ್ತು. ಖುಕ್ರಿಯಲ್ಲಿ ಸೌದೆ ಸೀಳಬಹುದು, ಬೇಟೆಗತ್ತಿಯಲ್ಲಿ ಹಗ್ಗ ಕೊಯ್ಯಬಹುದು. ಇದರಲ್ಲಿ ಸೊಪ್ಪೂ ಹೆಚ್ಚೋಕೆ ಆಗಲ್ಲ. ಇದಕ್ಕೆ ಒಂದೇ ಕೆಲಸ. ಆ ಕೆಲಸ ಏನು ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಂಥ ಕಠಾರಿಯ ಚಿತ್ರ ನಮ್ಮ ಪ್ಯಾರಾ ಸ್ಪೆಷಲ್ ಫೋರ್ಸಸ್ ಬ್ಯಾಡ್ಜಿನಲ್ಲೂ ಇದೆ. 2019ರ ವಿಶ್ವಕಪ್‌ನಲ್ಲಿ ಧೋನಿ ಗ್ಲೌಸ್ ಮೇಲೆ ಇತ್ತಲ್ಲ, ಆ ಬಲಿದಾನ್ ಬ್ಯಾಡ್ಜ್. ಯೌವನಸ್ಥರು ಈಗ ತಲೆ ಎತ್ತಿದ್ರು ನೋಡಿ.

ಎಲ್ಲಾ ತೋರಿಸಿ, ಬೀರು ಮುಚ್ಚಿ, ಕಾಫಿ ಕೊಟ್ಟು ಕೇಳಿದ್ರು: "ಪಾಸ್ಟರ್, ಇದು ತಪ್ಪಾ? ವಿಶ್ವಾಸಿ ಇಂಥದ್ದನ್ನ ಪ್ರೀತಿಸಬಹುದಾ?"

ನನ್ನ ಬಾಯಲ್ಲಿ ಉತ್ತರ ರೆಡಿ ಇತ್ತು. ಪಾಸ್ಟರುಗಳಿಗೆ ಉತ್ತರ ಯಾವಾಗಲೂ ರೆಡಿ ಇರುತ್ತೆ, ಅದು ನಮ್ಮ ಒಂದು ಕಾಯಿಲೆ. ಯೆಶಾಯ 2ನೇ ಅಧ್ಯಾಯ, ಕತ್ತಿ ಬಡಿದು ನೇಗಿಲ ಗುಳ ಮಾಡೋ ಮಾತು. ಅದನ್ನೇ ಹೇಳಿದೆ. ಅವರೂ ಬೈಬಲ್ ಓದಿದವರು. ಯೋವೇಲನ 3ನೇ ಅಧ್ಯಾಯದಲ್ಲಿ ಅದಕ್ಕೆ ತಿರುಗಾ ಇದೆಯಲ್ಲ, ಗುಳ ಬಡಿದು ಕತ್ತಿ ಮಾಡೋದು, ಅಂದ್ರು. ನಿಜ. ಕಬ್ಬಿಣ ಎರಡೂ ಕಡೆ ಹೋಗುತ್ತೆ. ಕುಲುಮೆಯಲ್ಲಿ ಕೂತೋನಿಗೆ ಗೊತ್ತು. ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗ್ತಾ ಇತ್ತು. 1923ರಲ್ಲಿ ಶುರುವಾದ ಕಾರ್ಖಾನೆ ಅದು. ಆ ಅದಿರು ಏನಾಗಬೇಕು ಅಂತ ಕೆಮ್ಮಣ್ಣುಗುಂಡಿಯ ಗುಡ್ಡ ತೀರ್ಮಾನ ಮಾಡಲಿಲ್ಲ.

ಅಜ್ಜಂಪುರದವರು ನಿಮ್ಮ ಊರಿನ ದನಗಳನ್ನೇ ನೋಡಿ. ಅಮೃತ ಮಹಲ್ ತಳಿಯನ್ನ ಇವತ್ತು ಎಲ್ಲರೂ ಎಷ್ಟು ಮುದ್ದಾಗಿ ನೋಡ್ತಾರೆ. ಉದ್ದ ಕೊಂಬು, ಬೂದಿ ಬಣ್ಣ. ಆದ್ರೆ ಆ ತಳಿ ಬೆಳೆದದ್ದು ಹೈದರಾಲಿ, ಟಿಪ್ಪು ಕಾಲದ ಸೈನ್ಯದ ಫಿರಂಗಿ ಎಳೆಯೋಕೆ, ಸಾಮಾನು ಹೊರೋಕೆ. ಆಮೇಲೆ ಇಂಗ್ಲಿಷರ ಸೈನ್ಯಕ್ಕೂ ಅವೇ ಬೇಕಾದವು. ಯುದ್ಧಕ್ಕಾಗಿ ಸಾಕಿದ ಎತ್ತನ್ನ ನಾವು ಪ್ರೀತಿಸಬಹುದಾದ್ರೆ ಯುದ್ಧಕ್ಕಾಗಿ ಬಡಿದ ಉಕ್ಕನ್ನ ಯಾಕೆ ಪ್ರೀತಿಸಬಾರದು ಅಂತ ಆ ಸಹೋದರರು ಕೇಳಿದ್ರು. ನನಗೆ ಉತ್ತರ ಬರಲಿಲ್ಲ. ಎತ್ತಿಗೆ ಜೀವ ಇದೆ ಅಂತ ಏನೋ ಹೇಳಿದೆ. ಅದು ಉತ್ತರ ಅಲ್ಲ.

ಇಲ್ಲಿ ಕೂತಿರೋರಲ್ಲಿ ಮನೆಯಲ್ಲಿ ಅಲಗು ಇಲ್ಲದವರು ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲ. ಈಳಿಗೆ ಮಣೆ ಇದೆ, ಕುಡುಗೋಲು ಇದೆ, ಅಡಿಕೆ ಸುಲಿಯೋ ಕತ್ತಿ ಇದೆ, ಕಾಯಿ ಒಡೆಯೋ ಮಚ್ಚು ಇದೆ. ಕಾನೂನೂ ಇದನ್ನ ಅರ್ಥಮಾಡಿಕೊಂಡಿದೆ. 1959ರ ಶಸ್ತ್ರ ಕಾಯ್ದೆ, ಅದರ ನಿಯಮಗಳ ಪ್ರಕಾರ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರೋ ಅಲಗು ಶಸ್ತ್ರದ ಪಟ್ಟಿಗೆ ಬರುತ್ತೆ, ಆದ್ರೆ ಮನೆಗೆಲಸಕ್ಕೆ, ಹೊಲಗೆಲಸಕ್ಕೆ ಅಂತಲೇ ಮಾಡಿದ್ದು ಬರೋದಿಲ್ಲ. ಒಂದೇ ಉದ್ದ, ಒಂದೇ ಉಕ್ಕು. ಯಾತಕ್ಕೆ ಮಾಡಿದ್ದು ಅನ್ನೋದರ ಮೇಲೆ ಅದು ಶಸ್ತ್ರವೋ ಸಾಮಾನೋ. ಯಾತಕ್ಕೆ ಬಳಸಿದ್ದು ಅನ್ನೋದು ಬೇರೆ ಪ್ರಶ್ನೆ, ಅದು ಅಲಗಿನ ಮೇಲೆ ಕೆತ್ತಿರೋದಿಲ್ಲ.

ಕೊಡಗಿನವರನ್ನ ನೋಡಿ. ಪೀಚೆಕತ್ತಿ ಸೊಂಟದ ಮುಂದೆ, ಒಡಿಕತ್ತಿ ಬೆನ್ನ ಹಿಂದೆ ತೋಡಂಗ್‌ನಲ್ಲಿ ಸಿಕ್ಕಿಸಿಕೊಳ್ಳೋ ವಾಡಿಕೆ. ಒಡಿಕತ್ತಿ ಒಂದು ಕಾಲದಲ್ಲಿ ಯುದ್ಧದ ಕತ್ತಿ. ಇವತ್ತು ಮದುವೆಯಲ್ಲಿ ಅದರಿಂದ ಬಾಳೆ ಕಂಬ ಕಡಿಯುತ್ತಾರೆ. ನಮ್ಮ ಚಿಕ್ಕಮಗಳೂರು ಕಡೆಯ ತೋಟಗಳಿಗೆ ಕೊಡಗಿನ ನೆಂಟಸ್ತಿಕೆ ಇರೋರು ಇದನ್ನ ಕಣ್ಣಾರೆ ನೋಡಿರ್ತೀರಿ. ಆ ಜನ ಕತ್ತಿಯನ್ನ ಬಚ್ಚಿಡಲೂ ಇಲ್ಲ, ಕರಗಿಸಲೂ ಇಲ್ಲ. ಎಲ್ಲರ ಮುಂದೆ, ಹಾಡಿನ ನಡುವೆ ಅದನ್ನ ಹೊರಗೆ ತೆಗೆದು, ಮನುಷ್ಯನ ಬದಲು ಬಾಳೆ ಕಡಿಯೋದನ್ನ ಕಲಿಸಿದ್ರು. ಅವರ ಆಚರಣೆ ನಮ್ಮದಲ್ಲ. ಆದ್ರೂ ನನಗೆ ಅದರಲ್ಲಿ ಒಂದು ಬುದ್ಧಿ ಕಾಣುತ್ತೆ, ಸುಮ್ಮನೆ ತಳ್ಳಿಹಾಕೋಕೆ ಮನಸ್ಸು ಬರಲ್ಲ.

ಈಗ ನನ್ನ ವಿಷಯಕ್ಕೆ ಬರ್ತೀನಿ. ತಪ್ಪಿಸಿಕೊಳ್ಳೋಕೆ ಇಷ್ಟು ಹೊತ್ತು ಸುತ್ತಾಡಿದೆ.

ಆ ಸಹೋದರರು ಒಂದು ದಿನ ಕಡೂರಿಗೆ ನಮ್ಮ ಮನೆಗೆ ಬಂದ್ರು. ನಾನೇ ಕರೆದಿದ್ದೆ. ನಮ್ಮ ತಂದೆಯವರ ಕತ್ತಿ ಒಂದಿತ್ತು, ಅದನ್ನ ತೋರಿಸಬೇಕು ಅಂತ. ಸತ್ಯ ಹೇಳ್ತೀನಿ, ಅವರ 27ರ ಮುಂದೆ ನನ್ನ ಒಂದನ್ನ ಇಟ್ಟು ಸ್ವಲ್ಪ ಹೆಮ್ಮೆ ಪಡೋ ಆಸೆ. ತಂದೆ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂದಿತ್ತು. ಪುಸ್ತಕದ ಬೀರುವಿನಲ್ಲಿ, ಸಂಗೀತ ಪುಸ್ತಕಗಳ ಹಿಂದೆ, ಒಂದು ಹಳೇ ಟವೆಲ್‌ನಲ್ಲಿ ಸುತ್ತಿಟ್ಟಿದ್ದೆ.

ಸಹೋದರರು ಟವೆಲ್ ಬಿಚ್ಚಿ, ಕನ್ನಡಕ ಹಾಕಿಕೊಂಡು, ಕಿಟಕಿ ಹತ್ತಿರ ಹೋದ್ರು. ಬುಡದಲ್ಲಿ ಸವೆದ ಗುರುತು ಇತ್ತು, ನಾನು ಅಷ್ಟು ವರ್ಷದಲ್ಲಿ ಒಂದು ದಿನವೂ ಓದಿರಲಿಲ್ಲ. ಒಂದು ಕಿರೀಟ, ಕೆಳಗೆ ಜಿ ಆರ್ ಐ. ಪಕ್ಕದಲ್ಲಿ ಆರ್ ಎಫ್ ಐ. ಅಂದ್ರೆ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ. "ಪಾಸ್ಟರ್, ಇದು ಬೇಟೆಗತ್ತಿ ಅಲ್ಲ. ಬಾಯೊನೆಟ್" ಅಂದ್ರು. ಲೀ-ಎನ್‌ಫೀಲ್ಡ್ ಬಂದೂಕಿನ ಮೂತಿಗೆ ಸಿಕ್ಕಿಸೋದು. 1907ರ ಮಾದರಿ. ಹೊಸದರಲ್ಲಿ ಅಲಗು 17 ಅಂಗುಲ. ಬಂದೂಕನ್ನ ಗಿಡ್ಡ ಮಾಡಿದ್ರಲ್ಲ, ಎದುರಾಳಿಯನ್ನ ಮುಟ್ಟೋ ದೂರ ಕಡಿಮೆ ಆಗಬಾರದು ಅಂತ ಚೂರಿಯನ್ನ ಉದ್ದ ಮಾಡಿದ್ರು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ 12 ಅಂಗುಲಕ್ಕೆ ಇಳಿಸಿದ್ರು. ನಮ್ಮದನ್ನ ಯಾರೋ ಕಮ್ಮಾರ 7 ಅಂಗುಲಕ್ಕೆ ಕಡಿದು, ಹೊಸ ತುದಿ ಎಳೆದು, ಮರದ ಹಿಡಿ ಕಿತ್ತು ಜಿಂಕೆ ಕೊಂಬಿನ ಹಿಡಿ ಹಾಕಿದ್ದಾನೆ. ಅಲಗಿನ ಉದ್ದಕ್ಕೂ ಒಂದು ಕಾಲುವೆ ಇದೆ. ಚಿಕ್ಕಂದಿನಲ್ಲಿ ನಾವು ಅದನ್ನ ರಕ್ತ ಹರಿಯೋ ಕಾಲುವೆ ಅಂತ ಹೇಳಿಕೊಂಡು ಮೈ ಜುಮ್ ಅನಿಸಿಕೊಳ್ತಿದ್ವಿ. ಅದು ಸುಳ್ಳಂತೆ. ಉಕ್ಕು ಉಳಿಸಿ, ಭಾರ ಇಳಿಸಿ, ಗಟ್ಟಿತನ ಹಾಗೇ ಇಟ್ಟುಕೊಳ್ಳೋಕೆ ಮಾಡೋ ಕಾಲುವೆ ಅದು, ಅಷ್ಟೇ.

ಆಮೇಲೆ ಅವರು ಜೇಬಿನಿಂದ ಒಂದು ನೋಟ್‌ಬುಕ್ ತೆಗೆದ್ರು. ಪ್ರತಿ ಕತ್ತಿಗೂ ಒಂದು ಪುಟ. ಅಳತೆ, ಗುರುತು, ಯಾರಿಂದ ಬಂತು, ಏನು ಕತೆ. ಕತೆ ಇಲ್ಲದ ಕತ್ತಿ ಬರೀ ಕಬ್ಬಿಣ ಅಂತ ಅವರ ಅಭಿಪ್ರಾಯ. ಹಳೇ ಕತ್ತಿಯನ್ನ ಉಜ್ಜಿ ಪಾಲಿಶ್ ಮಾಡೋರನ್ನ ಕಂಡ್ರೆ ಅವರಿಗೆ ಆಗಲ್ಲ. ಕಾಲ ಕೂರಿಸಿದ ಕಪ್ಪನ್ನ ತೆಗೆದು ಹೊಳಪು ಬರಿಸಿದ್ರೆ ಅರ್ಧ ಬೆಲೆ ಹೋಯ್ತು, ಅದು ಸುಳ್ಳು ಹೇಳಿದ ಹಾಗೆ ಅಂತಾರೆ. ಪೆನ್ನು ತೆಗೆದು ನನ್ನನ್ನ ಕೇಳಿದ್ರು: "ಇದರ ಕತೆ ಏನು?"

ನಾನು ಹೇಳಿದೆ. ತಂದೆಯವರು ರಕ್ಷಣೆ ಹೊಂದೋ ಮೊದಲು ಬೇಟೆ ಆಡ್ತಿದ್ರು, ತರೀಕೆರೆ ಆಚೆ, ಲಕ್ಕವಳ್ಳಿ ಕಾಡಿನ ಅಂಚಲ್ಲಿ. 1972ರ ವನ್ಯಜೀವಿ ಕಾಯ್ದೆ ಬಂದು ವರ್ಷಗಳಾಗಿತ್ತು, ಆದ್ರೂ ಆಡ್ತಿದ್ರು, ಅದು ತಪ್ಪೇ. ಒಂದು ರಾತ್ರಿ ಗಾಯಗೊಂಡ ಹಂದಿ ತಿರುಗಿ ಬಿತ್ತು. ಜೊತೆಯವರು ಮರ ಹತ್ತಿದ್ರು. ತಂದೆಯವರು ಈ ಕತ್ತಿಯಿಂದ ಹಂದಿಯನ್ನ ತಡೆದ್ರು. ಕೆನ್ನೆತ್ ಆಂಡರ್ಸನ್ ಕತೆಗಳನ್ನ ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವನು ನಾನು, ಕತೆ ಹೇಳೋದು ಬರುತ್ತೆ. ಎಲೆಯ ಸದ್ದು, ಟಾರ್ಚ್ ಬೆಳಕು, ಎಲ್ಲಾ ಹಾಕಿ ಹೇಳಿದೆ. ಯೌವನಸ್ಥರ ಕ್ಯಾಂಪಿನಲ್ಲಿ ಇದನ್ನ ಎಷ್ಟು ಸಲ ಹೇಳಿದ್ದೀನಿ, ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಸಹೋದರರು ಖುಷಿಯಾಗಿ ಎಲ್ಲವನ್ನೂ ಬರೆದುಕೊಂಡ್ರು.

ತಾಯಿ ಅಡುಗೆಮನೆಯಲ್ಲಿ ಇದ್ರು. ಕಾಫಿ ತಂದಿಟ್ಟು ಒಳಗೆ ಹೋದ್ರು. ಸಹೋದರರು ಹೋದಮೇಲೆ ನಾನು ಕತ್ತಿಯನ್ನ ಟವೆಲ್‌ಗೆ ಸುತ್ತುತಾ ಇದ್ದೆ. ಅವರು ಬಾಗಿಲಲ್ಲಿ ನಿಂತು ಹೇಳಿದ್ರು: "ಹಂದಿಗೆ ಆಗಿದ್ದು ಹೇಳಿದೆ. ನನ್ನ ಕೈಗೆ ಆಗಿದ್ದು ಹೇಳಲಿಲ್ಲ."

ನಮ್ಮ ತಾಯಿಯ ಬಲಗೈಯಲ್ಲಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ, ಒಂದು ಗಾಯದ ಗುರುತು ಇದೆ. ನೋಡಿದವರೆಲ್ಲಾ ಕೇಳ್ತಾರೆ. ರಾಗಿ ಕೊಯ್ಯುವಾಗ ಕುಡುಗೋಲು ತಾಗಿದ್ದು ಅಂತ ನಮ್ಮ ಮನೆಯವರೆಲ್ಲಾ ಹೇಳ್ತೀವಿ. ನಮ್ಮ ಮಕ್ಕಳಿಗೂ ಹಾಗೇ ಹೇಳಿದ್ದೀವಿ. ಅದು ಕುಡುಗೋಲು ಅಲ್ಲ. ನಾನು ಆಗ ಐದನೇ ಕ್ಲಾಸು. ತಂದೆ ಕುಡಿದು ಬಂದಿದ್ರು. ಈ ಕತ್ತಿ ಅವರ ಕೈಯಲ್ಲಿತ್ತು. ತಾಯಿ ಅಲಗನ್ನೇ ಹಿಡಿದುಕೊಂಡು ಬಿಡಲಿಲ್ಲ. ಅದಕ್ಕಿಂತ ಹೆಚ್ಚು ನಾನು ಇಲ್ಲಿ ಹೇಳಲ್ಲ. ಹೊಲಿಗೆ ಹಾಕಿಸಿಕೊಳ್ಳೋಕೆ ಹೋದಾಗ ಆಸ್ಪತ್ರೆಯಲ್ಲಿ ಕುಡುಗೋಲಿನ ಸುಳ್ಳು ಮೊದಲು ಹೇಳಿದವನು ನಾನೇ. ಯಾರೂ ಹೇಳಿಕೊಡಲಿಲ್ಲ.

ವರ್ಷಗಳು ಕಳೆದು ತಂದೆ ಕರ್ತನ ಬಳಿಗೆ ಬಂದ್ರು. ಕುಡಿತ ಬಿಟ್ರು, ಬೇಟೆ ಬಿಟ್ರು, ತಾಯಿಯ ಕಾಲಿಗೆ ಬಿದ್ದು ಕ್ಷಮೆ ಕೇಳಿದ್ದನ್ನ ನಾನು ನೋಡಿದ್ದೀನಿ. ಅವರ ಸಾಕ್ಷಿ ಈ ಮೂರೂ ಊರಲ್ಲಿ ಹಳಬರಿಗೆ ನೆನಪಿದೆ. ಆದ್ರೆ ಆ ಸಾಕ್ಷಿಯಲ್ಲೂ ಕುಡಿತ ಇತ್ತು, ಬೇಟೆ ಇತ್ತು, ಈ ಕೈ ಇರಲಿಲ್ಲ. ಹೇಳಬಾರದು ಅಂತ ತಾಯಿ ಒಂದು ದಿನವೂ ಹೇಳಿರಲಿಲ್ಲ. ಹೇಳಬೇಕಾ ಅಂತ ಅವರನ್ನ ಯಾರೂ ಕೇಳಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೈಬಲ್‌ನಲ್ಲಿ ಒಂದು ಕತ್ತಿ ಇದೆ, ಅದರ ಕತೆ ತೆಗೆದೆ. ನಿಮ್ಮ ಬೈಬಲ್ ತೆಗೀರಿ, ಒಂದನೇ ಸಮುವೇಲ 17, 21, 22. ಗೊಲ್ಯಾತನ ಕತ್ತಿ. ಸಂಡೇ ಸ್ಕೂಲಿನಲ್ಲಿ ಕವಣೆ, ಕಲ್ಲು ಅಲ್ಲಿಗೆ ನಿಲ್ಲಿಸಿಬಿಡ್ತೀವಿ. ಕತ್ತಿ ಏನಾಯ್ತು ಅಂತ ಯಾರೂ ಕೇಳಲ್ಲ. ದಾವೀದನ ಕೈಯಲ್ಲಿ ಕತ್ತಿ ಇರಲಿಲ್ಲ ಅಂತ 17ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತೆ. ಕೊನೆಗೆ ಆ ಫಿಲಿಷ್ಟಿಯನ ಕತ್ತಿಯನ್ನೇ ತೆಗೆದುಕೊಂಡ. ಗೊಲ್ಯಾತನ ಆಯುಧಗಳನ್ನ ತನ್ನ ಗುಡಾರದಲ್ಲಿ ಇಟ್ಟುಕೊಂಡ. ಆಮೇಲೆ ನಾಲ್ಕು ಅಧ್ಯಾಯ ದಾಟಿ ನೋಡಿದ್ರೆ ಆ ಕತ್ತಿ ನೋಬ್ ಎಂಬ ಊರಲ್ಲಿದೆ, ಯಾಜಕರ ಹತ್ತಿರ, ಏಫೋದಿನ ಹಿಂದೆ, ಬಟ್ಟೆಯಲ್ಲಿ ಸುತ್ತಿಟ್ಟಿದೆ. ಗುಡಾರದಿಂದ ಅಲ್ಲಿಗೆ ಯಾರು ತಂದ್ರು, ಯಾವಾಗ ತಂದ್ರು, ಏನೂ ಬರೆದಿಲ್ಲ. ನಮ್ಮ ಅಜ್ಜಂಪುರದ ಸಹೋದರರ ನೋಟ್‌ಬುಕ್ ಆಗಿದ್ರೆ ಅಲ್ಲೊಂದು ಸಾಲು ಖಾಲಿ ಇರೋದು.

ಒಂದು ಮಾತು ಗಮನಿಸಿ. ದೇವರ ಸನ್ನಿಧಿಯಲ್ಲಿ ಒಂದು ಹಳೇ ಕತ್ತಿ ಇಟ್ಟಿದ್ರು, ಅದನ್ನ ತಪ್ಪು ಅಂತ ವಾಕ್ಯ ಹೇಳಲ್ಲ. ಅದು ಜ್ಞಾಪಕ. ಹಾಗಾಗಿ ಇಟ್ಟುಕೊಳ್ಳೋದೇ ಪಾಪ ಅಂತ ನಾನು ಹೇಳೋಕೆ ಆಗಲ್ಲ. ಆದ್ರೆ ಮುಂದೆ ಏನಾಯ್ತು? ದಾವೀದ ಸೌಲನಿಗೆ ಹೆದರಿ ಓಡಿ ಬಂದ. ಯಾಜಕ ಅಹೀಮೆಲೆಕ ಕೇಳಿದಾಗ, ಅರಸನ ಗುಟ್ಟಿನ ಕೆಲಸದ ಮೇಲೆ ಬಂದಿದ್ದೀನಿ ಅಂತ ಸುಳ್ಳು ಹೇಳಿದ. ಆಯುಧ ಇದೆಯಾ ಅಂತ ಕೇಳಿದ. ಗೊಲ್ಯಾತನ ಕತ್ತಿ ಇದೆ ಅಂದಾಗ ಅವನ ಬಾಯಿಂದ ಬಂದ ಮಾತಿನ ಅರ್ಥ, ಅದಕ್ಕೆ ಸಮಾನವಾದ್ದು ಬೇರೆ ಇಲ್ಲ ಅಂತ. ಈ ಮಾತನ್ನ ಕತ್ತಿ ಕೂಡಿಡೋರೆಲ್ಲಾ ಹೇಳ್ತಾರೆ. ಆದ್ರೆ ಕತ್ತಿ ಇಲ್ಲದೆ ಗೆದ್ದ ಹುಡುಗ ಅದನ್ನ ಹೇಳಬೇಕಾಗಿತ್ತಾ? ಕತ್ತಿ ಅದೇ. ಅದರ ಕತೆಯನ್ನ ಅವನು ಮರೆತಿದ್ದ.

ಆ ಕತ್ತಿ ಹೊತ್ತುಕೊಂಡು ಎಲ್ಲಿಗೆ ಹೋದ ಗೊತ್ತಾ? ಗತ್ ಊರಿಗೆ. ಗೊಲ್ಯಾತನ ಸ್ವಂತ ಊರಿಗೆ, ಗೊಲ್ಯಾತನ ಕತ್ತಿ ತಗೊಂಡು. ಅಲ್ಲಿ ಅವನನ್ನ ಗುರುತು ಹಿಡಿದ್ರು. ಕತ್ತಿ ಕೆಲಸಕ್ಕೆ ಬರಲಿಲ್ಲ. ಹುಚ್ಚನ ಹಾಗೆ ನಟಿಸಿ, ಗಡ್ಡದ ಮೇಲೆ ಜೊಲ್ಲು ಸುರಿಸಿ ಜೀವ ಉಳಿಸಿಕೊಂಡ. ಇತ್ತ ನೋಬಿನಲ್ಲಿ ದೋಯೇಗ ಎಲ್ಲಾ ನೋಡಿದ್ದ. ಹೋಗಿ ಸೌಲನಿಗೆ ಹೇಳಿದ, ಕತ್ತಿ ಕೊಟ್ಟದ್ದನ್ನೂ ಸೇರಿಸಿ. ಒಂದೇ ದಿನ 85 ಯಾಜಕರು ಸತ್ತರು. ಊರಿನ ಹೆಂಗಸರು, ಮಕ್ಕಳು, ದನಕರು ಕೂಡ. ಅದಾದಮೇಲೆ ಗೊಲ್ಯಾತನ ಕತ್ತಿಯ ಸುದ್ದಿ ಎಲ್ಲೂ ಇಲ್ಲ.

ಆದ್ರೆ ದಾವೀದ ಒಂದು ಕೆಲಸ ಮಾಡಿದ, ಅದಕ್ಕೇ ನನಗೆ ಅವನು ಬೇಕು. ಬದುಕಿ ಓಡಿಬಂದ ಎಬ್ಯಾತಾರನ ಮುಂದೆ, ನಿನ್ನ ತಂದೆಯ ಮನೆಯವರ ಸಾವಿಗೆ ನಾನೇ ಕಾರಣ ಅಂತ ಒಪ್ಪಿಕೊಂಡ. ದೋಯೇಗ ಅಂತ ಹೇಳಬಹುದಿತ್ತು, ಸೌಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಕತ್ತಿಯ ಕತೆಯಲ್ಲಿ ಬಿಟ್ಟುಹೋದ ಸಾಲನ್ನ, ನಷ್ಟ ಆದವನ ಮುಂದೆಯೇ ಹೇಳಿದ.

ಹೀಗಾಗಿ ನನಗೆ ಅನಿಸೋದು ಇಷ್ಟು. ಆ ಸಹೋದರರ ಪ್ರಶ್ನೆ, ಪ್ರೀತಿಸಬಹುದಾ ಅನ್ನೋದು, ಕಬ್ಬಿಣದ ವಿಷಯ ಅಲ್ಲ. ಕೂಡಿಡೋದು ಅಂದ್ರೆ ಒಂದು ವಸ್ತುವನ್ನ ಅದರ ಕೆಲಸದಿಂದ ಬಿಡಿಸಿ ಇಟ್ಟುಕೊಳ್ಳೋದು. ಕತ್ತಿಗೆ ಕೆಲಸ ತಪ್ಪಿಸಿದ್ರೆ ಒಳ್ಳೇದೇ, ಬಾಳೆ ಕಡಿಯೋರ ಹಾಗೆ. ಆದ್ರೆ ಕೆಲಸ ತಪ್ಪಿಸುವಾಗ ಆ ಕೆಲಸ ನಡೆದೇ ಇಲ್ಲ ಅನ್ನೋ ಹಾಗೆ ಒರೆಸಿಬಿಟ್ರೆ? ಹಿಡಿಯ ಅಂದ, ಮುದ್ರೆಯ ಅಂದ, ಸೈನಿಕನ ಶೌರ್ಯ, ಬೇಟೆಗಾರನ ಧೈರ್ಯ, ಇವೆಲ್ಲಾ ಕತ್ತಿ ಹಿಡಿದವನ ಕತೆಗಳು. ಅಲಗಿನ ಆ ಕಡೆ ಇದ್ದವರ ಕತೆ ಯಾರ ನೋಟ್‌ಬುಕ್‌ನಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಆ ಕಡೆ ಇದ್ದವರು ನನ್ನ ತಾಯಿ. ನಾನು ಅವರ ಮಗ. ಬೋಧಕ ಬೇರೆ. ನನ್ನ ಕತೆಯಲ್ಲಿ ಹಂದಿಗೆ ಜಾಗ ಇತ್ತು.

ಇದಕ್ಕೆ ಎದುರು ಮಾತೂ ಇದೆ, ಅದನ್ನ ನನ್ನ ಹೆಂಡತಿಯೇ ಹೇಳಿದ್ರು. ಸತ್ತವರು ಪಶ್ಚಾತ್ತಾಪ ಪಟ್ಟು ಸತ್ತಿದ್ದಾರೆ, ದೇವರು ಕ್ಷಮಿಸಿದ್ದನ್ನ ನೀವ್ಯಾಕೆ ಕೆದಕ್ತೀರಿ, ಅಂತ. ಇದು ಸಣ್ಣ ಮಾತಲ್ಲ. ನಾನು ಬಹಳ ಯೋಚನೆ ಮಾಡಿದೆ. ಕ್ಷಮಿಸಿದ ಪಾಪವನ್ನ ಕೆದಕೋದು ಒಂದು. ಕ್ಷಮಿಸಿದವರ ಹೆಸರನ್ನೇ ಅಳಿಸಿಬಿಡೋದು ಇನ್ನೊಂದು. ತಂದೆಗೆ ಕ್ಷಮೆ ಸಿಕ್ಕಿತು ಅಂತ ಹೇಳುವಾಗ, ಆ ಕ್ಷಮೆಯನ್ನ ಕೊಟ್ಟ ಕೈ ಯಾವುದು ಅಂತ ನಾನು ಮುಚ್ಚಿಟ್ಟಿದ್ದೆ. ಕುಡುಗೋಲಿನ ಸುಳ್ಳು ತಂದೆಯ ಮಾನ ಕಾಪಾಡಿತು. ತಾಯಿ ಅಲಗನ್ನ ಹಿಡಿದು ನಿಂತದ್ದನ್ನ ಅದು ಕೆಲಸದ ಅಜಾಗರೂಕತೆ ಮಾಡಿಬಿಟ್ಟಿತು. ನಲವತ್ತು ವರ್ಷ ಜನ ಅವರಿಗೆ, ನೋಡಿಕೊಂಡು ಕೊಯ್ಯಬಾರದಿತ್ತಾ ಅಂತ ಬುದ್ಧಿ ಹೇಳಿದ್ದಾರೆ.

ಮುಂದಿನ ವಾರ ಅಜ್ಜಂಪುರದ ಮನೆಕೂಟ ಇತ್ತು. ತಾಯಿಯನ್ನೂ ಕರೆದುಕೊಂಡು ಹೋದೆ. ಪ್ರಾರ್ಥನೆ ಮುಗಿದ ಮೇಲೆ ಸಹೋದರರಿಗೆ, ನೋಟ್‌ಬುಕ್ ತೆಗೀರಿ, ನಾನು ಹೇಳಿದ್ದು ಪೂರ್ತಿ ಅಲ್ಲ, ಅಂದೆ. ತಾಯಿಯೇ ಹೇಳಿದ್ರು, ನಾಲ್ಕು ವಾಕ್ಯ. ಸಹೋದರರು ಬಹಳ ಹೊತ್ತು ಬರೆಯಲಿಲ್ಲ. ಆಮೇಲೆ ಬರೆದ್ರು. ಹಂದಿ ಕತೆಯನ್ನ ಹೊಡೆದುಹಾಕಲಾ ಅಂತ ಕೇಳಿದ್ರು. ಬೇಡ, ಅದೂ ನಡೆದದ್ದೇ, ಅಂದ್ರು ತಾಯಿ. ಸಹೋದರರು ನೋಟ್‌ಬುಕ್‌ನ ಹಿಂದಿನ ಪುಟಗಳನ್ನ ಒಂದೊಂದೇ ತಿರುಗಿಸ್ತಾ ಕೂತಿದ್ರು. 27 ಪುಟ. ಅಳತೆ ಇದೆ, ಮುದ್ರೆ ಇದೆ, ಕೊಟ್ಟವರ ಊರು ಇದೆ. ತಾವು ಸೇವೆಯಲ್ಲಿದ್ದಾಗ ಸೊಂಟದಲ್ಲಿ ಇಟ್ಟುಕೊಂಡಿದ್ದ ಕತ್ತಿಯನ್ನ ಒಂದು ಸಲವೂ ಮನುಷ್ಯನ ಮೇಲೆ ತೆಗೆಯಬೇಕಾಗಿ ಬರಲಿಲ್ಲ ಅಂತ ದಿನಾ ದೇವರಿಗೆ ಸ್ತೋತ್ರ ಮಾಡ್ತೀನಿ, ಅದಕ್ಕೇ ಬೇರೆಯವರ ಕತ್ತಿಗಳ ಮೇಲೆ ಆಸೆ ಬಂತೇನೋ, ಅಂದ್ರು. ಅದು ಅವರು ನನಗೆ ಹೇಳಿದ ಮೊದಲ ನಿಜವಾದ ಕಾರಣ ಅಂತ ನನಗೆ ಅನಿಸಿತು. ಮೊದಲು ಕೇಳಿದಾಗ, ಕೈಕೆಲಸ ಚೆನ್ನಾಗಿದೆ ಅದಕ್ಕೆ, ಅಂದಿದ್ರು.

ಇನ್ನೊಂದು ಉಳಿದಿದೆ. ಜಿಂಕೆ ಕೊಂಬು. 2023ರ ಅಕ್ಟೋಬರಿನಲ್ಲಿ ಟಿವಿ ಕಾರ್ಯಕ್ರಮದಲ್ಲಿದ್ದ ಒಬ್ಬರನ್ನ ಹುಲಿ ಉಗುರಿನ ಲಾಕೆಟ್‌ಗಾಗಿ ಅರಣ್ಯ ಇಲಾಖೆಯವರು ಬಂಧಿಸಿದ್ರಲ್ಲ, ಆ ವಾರ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಜನ ಅಟ್ಟ ಹುಡುಕಿದ್ರು ಅಂತ ನಿಮಗೇ ಗೊತ್ತು. ನಾನೂ ಆಗ ಈ ಹಿಡಿಯನ್ನ ನೋಡಿ ಹೆದರಿದ್ದೆ. ಹೆದರಿ ಏನು ಮಾಡಿದೆ? ಸಂಗೀತ ಪುಸ್ತಕಗಳ ಹಿಂದೆ ಇನ್ನೂ ಒಳಗೆ ತಳ್ಳಿದೆ. ಕೊಂಬನ್ನ ಹಿಡಿ ಮಾಡಿಬಿಟ್ರೆ ಅದು ಕತ್ತಿಯ ಭಾಗ ಆಗಿಬಿಡಲ್ಲ, ಕಾನೂನಿನ ಲೆಕ್ಕದಲ್ಲಿ ಅದು ವನ್ಯಜೀವಿಯದೇ. ಅಲಗಿನ ಆ ಕಡೆ ಇದ್ದವರ ಲೆಕ್ಕ ಬರೆಯೋದಾದ್ರೆ ಆ ಜಿಂಕೆಯನ್ನೂ ಬರೀಬೇಕು.

ಅಜ್ಜಂಪುರದಿಂದ ಬಂದ ಮೇಲೆ ಒಬ್ಬ ವಕೀಲರನ್ನ ಕೇಳಿ, ಹೇಗೆ ಬಂತು ಅಂತ ಗೊತ್ತಿರೋಷ್ಟನ್ನ ಕಾಗದದಲ್ಲಿ ಬರೆದೆ. ತರೀಕೆರೆಯ ಒಬ್ಬ ಕಮ್ಮಾರರ ಹತ್ತಿರ ಹೋದೆ. ಲಾರಿಯ ಹಳೇ ಪಟ್ಟಾ ಕಾಯಿಸಿ ಮಚ್ಚು ಮಾಡ್ತಾ ಇದ್ರು. ಕತ್ತಿಯನ್ನ ತಿರುಗಿಸಿ ನೋಡಿ, ಈ ಕಡಿತ ಕೈ ಬಲ್ಲವನದು, ಉಕ್ಕಿನ ಹದ ಕೆಡಿಸಿಲ್ಲ, ಅಂತ ಹೊಗಳಿದ್ರು. ಎರಡು ಮೊಳೆ ಹೊಡೆದು ಹಿಡಿ ಬಿಡಿಸಿಕೊಟ್ರು. ಒಳಗೆ, ಕೊಂಬಿನ ಕೆಳಗೆ, ಉಕ್ಕು ಹೊಸದರ ಹಾಗೆ ಬೆಳ್ಳಗಿತ್ತು. ಕೊಂಬನ್ನ ಕಾಗದದ ಸಮೇತ ಅರಣ್ಯ ಇಲಾಖೆಗೆ ಒಪ್ಪಿಸಿದೆ.

ಅಲಗು ಮಾತ್ರ ಈಗ ಮನೆಯಲ್ಲಿದೆ. ಹಿಡಿ ಇಲ್ಲ, ಹಾಗಾಗಿ ಯಾರೂ ಹಿಡಿಯೋಕೆ ಆಗಲ್ಲ. ಟವೆಲ್ ತೆಗೆದು ಮೇಜಿನ ಮೇಲೆ ಇಟ್ಟಿದ್ದೀನಿ, ವಾರಕ್ಕೊಮ್ಮೆ ಒಂದು ಹನಿ ಎಣ್ಣೆ ಸವರ್ತೀನಿ. ಮೊಮ್ಮಕ್ಕಳು ಕೇಳಿದ್ರು ಇದೇನು ಅಂತ. ತಾಯಿ ಕೈ ಚಾಚಿ ತೋರಿಸಿದ್ರು. ಅಜ್ಜಂಪುರದ ಸಹೋದರರು ಇದನ್ನ 28ನೇದಾಗಿ ಕೊಡ್ತೀರಾ ಅಂತ ಕೇಳಿದ್ದಾರೆ, ನಾನು ತಾಯಿಯನ್ನ ಕೇಳಿ ಅಂದೆ. ತಾಯಿ ಮಾತ್ರ ನೀಲಗಿರಿ ಕಟ್ಟಿಗೆಯ ಒಂದು ಹಿಡಿ ಹಾಕಿಸಿಕೊಡು, ಕಾಯಿ ಕೀಳೋಕೆ ಆಗುತ್ತೆ, ಅಂತಾ ಇದ್ದಾರೆ. ಅದಕ್ಕೆ ನಾನು ಇನ್ನೂ ಹೂಂ ಅಂದಿಲ್ಲ.

ಪ್ರಾರ್ಥನೆ ಮಾಡೋಣ, ಎದ್ದು ನಿಲ್ಲಿ.